ರಿಕ್ಷಾದ ಹಿಂದೆ ಶಂಕರ್‌ನಾಗ್, ಒಳಗೆ ನಮ್ಮ ಮಕ್ಕಳು

ಎರ್ಮಾಳ್, ಸೆ. 30: ನಾಳೆ ಆಯುಧಪೂಜೆ. ಪಕ್ಕದ ಉಚ್ಚಿಲದಲ್ಲಿ ದಸರಾ ಗೌಜಿ ಜೋರುಂಟು. ಹೆದ್ದಾರಿಯ ಉದ್ದಕ್ಕೂ ಲೈಟು, ಜನ, ವಾಹನ. ನಮ್ಮ ರಿಕ್ಷಾ ಸ್ಟ್ಯಾಂಡಲ್ಲಿ ಇವತ್ತೇ ಗಾಡಿ ತೊಳೆಯುವ ಕೆಲಸ ಶುರುವಾಗಿದೆ. ಬೆಳಗ್ಗೆ ಚಾ ಕುಡಿಯಲು ಹೋದಾಗ ನೋಡಿದೆ, ಒಬ್ಬರು ರಿಕ್ಷಾದಣ್ಣ ತಮ್ಮ ಗಾಡಿಯ ಹಿಂಬದಿಯ ಶಂಕರ್‌ನಾಗ್ ಸ್ಟಿಕ್ಕರನ್ನು ಒದ್ದೆ ಬಟ್ಟೆಯಲ್ಲಿ ಮೆಲ್ಲ ಒರೆಸುತ್ತಿದ್ದರು. ಬಿಸಿಲಿಗೆ ಬಣ್ಣ ಮಾಸಿ ಹೋಗಿದೆ. ಆದರೂ ಆ ನಗು, ಆ ಗಡ್ಡ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ನಾಳೆ ಅದಕ್ಕೂ ಒಂದು ಹೂವಿನ ಮಾಲೆ ಬೀಳುತ್ತದೆ.

ದಸರಾ ರಜೆ ಮುಗಿದ ಮೇಲೆ ಇದೇ ರಿಕ್ಷಾ ಬೆಳಗ್ಗೆ ಎಂಟು ಗಂಟೆಗೆಲ್ಲ ಮಕ್ಕಳನ್ನು ತುಂಬಿಕೊಂಡು ಶಾಲೆ ಕಡೆ ಹೊರಡುತ್ತದೆ. ಹೊರಗೆ ಬ್ಯಾಗುಗಳು ನೇತಾಡುತ್ತಿರುತ್ತವೆ, ಒಳಗೆ ಒಬ್ಬರ ಮೇಲೊಬ್ಬರು ಮಕ್ಕಳು, ಹಿಂದೆ ಶಂಕರ್‌ನಾಗ್.

ಇವತ್ತು ಸೆಪ್ಟೆಂಬರ್ 30. 1990ರ ಇದೇ ದಿನ ಬೆಳಗಿನ ಜಾವ ಶಂಕರ್‌ನಾಗ್ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ವರ್ಷವೂ ಇದು ದಸರಾ ಸಮಯವೇ. ಅವರು ಬದುಕಿದ್ದು 35 ವರ್ಷ. ಅವರು ಹೋಗಿ ಇವತ್ತಿಗೆ 35 ವರ್ಷ. ನಾನು ಹುಟ್ಟುವ ಎಷ್ಟೋ ಮೊದಲೇ ಹೋದವರು. ನನ್ನ ವಯಸ್ಸಿನವರಿಗೆ ಅವರು ಗೊತ್ತಿರುವುದು ಟಿವಿಯಿಂದ ಮತ್ತು ರಿಕ್ಷಾದ ಹಿಂಬದಿಯಿಂದ ಮಾತ್ರ.

ಸಿನಿಮಾದವರಾಗಿ ಅವರ ಕತೆ ಸುಮಾರು ಜನರಿಗೆ ಗೊತ್ತುಂಟು. ಇವತ್ತು ಅದೇ ಬದುಕನ್ನು ರಸ್ತೆಯ ಬದಿಯಿಂದ ಒಮ್ಮೆ ನೋಡುವ ಅಂತ ಈ ಬರಹ.

ಇದೇ ಹೆದ್ದಾರಿಯ ಮಗ

ನಮ್ಮ ಎರ್ಮಾಳ್ ಪೇಟೆಯಿಂದ ಹೆದ್ದಾರಿ ಹಿಡಿದು ಬಡಗು ದಿಕ್ಕಿಗೆ ಹೋಗಿ. ಉಚ್ಚಿಲ, ಕಾಪು, ಉಡುಪಿ, ಕುಂದಾಪುರ, ತ್ರಾಸಿ, ಬೈಂದೂರು, ಭಟ್ಕಳ. ಎಲ್ಲೂ ತಿರುಗದೆ ಅದೇ ರಸ್ತೆಯಲ್ಲಿ ಹೋದರೆ ಹೊನ್ನಾವರ ಸಿಗುತ್ತದೆ. ಈಗ ಇದರ ನಂಬರ್ 66, ಹಿಂದೆ 17 ಇತ್ತು. ಶಂಕರ್‌ನಾಗ್ ಹುಟ್ಟಿದ್ದು ಆ ಹೊನ್ನಾವರ ಸೀಮೆಯಲ್ಲಿ, 1954ರ ನವೆಂಬರ್ 9ರಂದು. ಪೂರ್ತಿ ಹೆಸರು ಶಂಕರ್ ನಾಗರಕಟ್ಟೆ. ಮನೆಮಾತು ಕೊಂಕಣಿ. ತಂದೆ ಸದಾನಂದ, ತಾಯಿ ಆನಂದಿ. ಅಣ್ಣ ಅನಂತ್‌ನಾಗ್ ಅವರಿಗಿಂತ ಆರು ವರ್ಷ ದೊಡ್ಡವರು.

ಕರಾವಳಿಯ ಎಷ್ಟೋ ಮನೆಗಳ ಹಾಗೆ ಇವರ ದಾರಿಯೂ ಮುಂಬೈಗೆ ಹೋಯಿತು. ನಮ್ಮ ಊರಿನ ಹಳೆ ತಲೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಮನೆಯಿಂದ ಒಬ್ಬರಾದರೂ ಬೊಂಬಾಯಿ ಹೋಟೆಲಿಗೋ ಆಫೀಸಿಗೋ ಹೋದವರೇ. ಶಂಕರ್ ಅಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಸಂಜೆಯಾದರೆ ನಾಟಕ. ಮರಾಠಿ ರಂಗಭೂಮಿಯ ಗಟ್ಟಿ ತಾಲೀಮು ಅಲ್ಲಿ ಸಿಕ್ಕಿತು. ಮುಂದೆ ಕೈಹಿಡಿದ ಅರುಂಧತಿ ಅವರ ಪರಿಚಯವಾದದ್ದೂ ನಾಟಕದ ಲೋಕದಲ್ಲೇ. '22 ಜೂನ್ 1897' ಎಂಬ ಹೆಸರಾಂತ ಮರಾಠಿ ಸಿನಿಮಾದ ಚಿತ್ರಕಥೆಯಲ್ಲಿ ಶಂಕರ್ ಅವರ ಕೈ ಉಂಟು.

ಕನ್ನಡಕ್ಕೆ ಅವರನ್ನು ಕರೆತಂದದ್ದು ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಸಿನಿಮಾದಲ್ಲಿ ಬಾಡಿಗೆ ಸೈನಿಕನ ಪಾತ್ರ. ಮೊದಲ ಕನ್ನಡ ಚಿತ್ರದಲ್ಲೇ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಗ ಅವರಿಗೆ ಇನ್ನೂ 25 ತುಂಬಿರಲಿಲ್ಲ.

ಅಲ್ಲಿಂದ ಮುಂದೆ ಬರೀ ಓಟ. ಸುಮಾರು 12 ವರ್ಷಗಳಲ್ಲಿ 80ಕ್ಕೂ ಹೆಚ್ಚು ಸಿನಿಮಾ. ಬರೀ ನಟನೆ ಅಲ್ಲ, ನಿರ್ದೇಶನವೂ ಮಾಡಿದರು. 1980ರಲ್ಲಿ 'ಮಿಂಚಿನ ಓಟ', ಅದು ಕಾರು ಕದಿಯುವವರ ಕತೆ, ರಾಜ್ಯ ಪ್ರಶಸ್ತಿ ಬಾಚಿಕೊಂಡಿತು. 1981ರಲ್ಲಿ 'ಗೀತಾ'. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು 'ಒಂದು ಮುತ್ತಿನ ಕಥೆ'. ಇದರ ನಡುವೆ ಬೆಂಗಳೂರಿನಲ್ಲಿ 'ಸಂಕೇತ್' ಎಂಬ ನಾಟಕ ತಂಡ, ಅದೇ ಹೆಸರಿನ ರೆಕಾರ್ಡಿಂಗ್ ಸ್ಟುಡಿಯೋ. ಒಬ್ಬ ಮನುಷ್ಯ ದಿನದಲ್ಲಿ ಎಷ್ಟು ಗಂಟೆ ನಿದ್ದೆ ಮಾಡಿರಬಹುದು ಅಂತ ಯೋಚನೆ ಬರುತ್ತದೆ.

ಆಟೋ ರಾಜನಾದದ್ದು

1980ರಲ್ಲಿ ಬಂದ 'ಆಟೋ ರಾಜ' ಅವರನ್ನು ರಸ್ತೆಗೆ ತಂದಿತು. ನಿರ್ದೇಶನ ವಿಜಯ್ ಅವರದ್ದು, ನಾಯಕಿ ಗಾಯತ್ರಿ. ಅದರಲ್ಲಿ ಶಂಕರ್ ಆಟೋ ಓಡಿಸುವ ಯುವಕ. ಅದುವರೆಗೆ ಸಿನಿಮಾದಲ್ಲಿ ಆಟೋ ಡ್ರೈವರ್ ಅಂದರೆ ಹೀರೋನನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬಿಡುವವನು, ಅಷ್ಟೆ. ಇಲ್ಲಿ ಅವನೇ ಹೀರೋ. ಖಾಕಿ ಅಂಗಿ ಹಾಕಿದವನಿಗೂ ಮರ್ಯಾದೆ ಉಂಟು, ಪ್ರೀತಿ ಉಂಟು, ಸಿಟ್ಟು ಉಂಟು ಅಂತ ತೆರೆಯ ಮೇಲೆ ಕಂಡಾಗ ಇಡೀ ರಾಜ್ಯದ ರಿಕ್ಷಾದವರು ಅವರನ್ನು ತಮ್ಮವರು ಮಾಡಿಕೊಂಡರು.

ಆ ಸಂಬಂಧ ಇವತ್ತಿಗೂ ಬಿಟ್ಟುಹೋಗಿಲ್ಲ. ಬೆಂಗಳೂರಲ್ಲಿ ಎಷ್ಟೋ ಸ್ಟ್ಯಾಂಡುಗಳಿಗೆ ಅವರದೇ ಹೆಸರು. ನವೆಂಬರ್ 9 ಬಂದರೆ ಹಲವು ಕಡೆ ರಿಕ್ಷಾ ಚಾಲಕರು ಸೇರಿ ಅವರ ಹುಟ್ಟುಹಬ್ಬ ಮಾಡುತ್ತಾರೆ. ಅವರು ಸತ್ತ ಮೇಲೆ ಹುಟ್ಟಿದ ಹುಡುಗರು ಕೂಡ ಹೊಸ ರಿಕ್ಷಾ ತೆಗೆದುಕೊಂಡರೆ ಮೊದಲು ಹಾಕಿಸುವುದು ಅವರ ಸ್ಟಿಕ್ಕರ್. ಬೇರೆ ಯಾವ ನಟರಿಗೂ ಸಿಗದ ಜಾಗ ಅದು.

ಇನ್ನೊಂದು ಪಾತ್ರವೂ ನೆನಪಾಗುತ್ತದೆ. 1988ರಲ್ಲಿ 'ಸಾಂಗ್ಲಿಯಾನ', ನಿಜವಾದ ಪೊಲೀಸ್ ಅಧಿಕಾರಿಯ ಹೆಸರಿನ ಸಿನಿಮಾ. ಹಾಗಾಗಿ ನಮ್ಮ ಹಿರಿಯರ ಕಣ್ಣಲ್ಲಿ ಅವರು ರಿಕ್ಷಾದವರೂ ಹೌದು, ರಿಕ್ಷಾ ನಿಲ್ಲಿಸಿ ಕಾಗದ ಕೇಳುವ ಪೊಲೀಸರೂ ಹೌದು.

ಅವರೇ ಮಾಡಿದ 'ಆಕ್ಸಿಡೆಂಟ್'

ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸಿನಿಮಾ ಉಂಟು. ಹೆಸರೇ 'ಆಕ್ಸಿಡೆಂಟ್'. ತೀರಿಹೋಗುವ ಐದು ವರ್ಷದ ಮೊದಲು, 1985ರಲ್ಲಿ ತೆರೆಗೆ ಬಂತು. ನಿರ್ದೇಶನ ಶಂಕರ್‌ನಾಗ್. ಹಾಡು ಇಲ್ಲ, ಸಂಗೀತ ಇಳಯರಾಜ ಅವರದ್ದು.

ಕತೆ ಹೀಗೆ. ದೊಡ್ಡ ರಾಜಕಾರಣಿಯ ಮಗ, ಅಮಲಿನಲ್ಲಿ ರಾತ್ರಿ ಕಾರು ಓಡಿಸುತ್ತಾನೆ. ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿ ಜನರ ಮೇಲೆ ಕಾರು ಹೋಗುತ್ತದೆ. ಸತ್ತವರು ಬಡವರು, ಹೆಸರಿಲ್ಲದವರು. ಮಗನನ್ನು ಉಳಿಸಲು ಅಪ್ಪ ತನ್ನ ಅಧಿಕಾರವನ್ನೆಲ್ಲ ಬಳಸುತ್ತಾನೆ. ಆ ಅಪ್ಪನ ಪಾತ್ರ ಅನಂತ್‌ನಾಗ್ ಅವರದ್ದು. ಸತ್ಯ ಹುಡುಕಿ ಹೋಗುವ ಪತ್ರಕರ್ತ ಶಂಕರ್ ಅವರೇ. ಅಣ್ಣ ಮುಚ್ಚುವವನು, ತಮ್ಮ ತೆಗೆಯುವವನು. ಈ ಚಿತ್ರಕ್ಕೆ ಸಾಮಾಜಿಕ ವಿಷಯದ ಶ್ರೇಷ್ಠ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿ ಬಂತು.

ನಾನು ಇದನ್ನು ಮೊಬೈಲಲ್ಲಿ ನೋಡಿದೆ. 40 ವರ್ಷ ಹಳೆಯ ಸಿನಿಮಾ ಅಂತ ಅನ್ನಿಸಲಿಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ಬರೆದ ಸುದ್ದಿಗಳಲ್ಲಿ ಹೆಚ್ಚಿನವು ಹೆದ್ದಾರಿ ಅಪಘಾತದವು. ನಾವು ಬರೆಯುವುದು ನಾಲ್ಕು ಸಾಲು. ಯಾವ ಗಾಡಿ, ಯಾವ ಗಾಡಿಗೆ, ಎಷ್ಟು ಜನ, ಯಾವ ಆಸ್ಪತ್ರೆ. ಮರುದಿನ ಬೇರೆ ಸುದ್ದಿ. ಶಂಕರ್ ಆ ಸಿನಿಮಾದಲ್ಲಿ ಐದನೇ ಸಾಲಿನಿಂದ ಶುರು ಮಾಡುತ್ತಾರೆ. ಗಾಡಿ ಓಡಿಸಿದವರು ಯಾರು, ಹೇಗೆ ಓಡಿಸಿದರು, ಆಮೇಲೆ ಏನನ್ನು ಯಾರು ಮುಚ್ಚಿದರು ಅಂತ ಕೇಳುತ್ತಾ ಹೋಗುತ್ತಾರೆ. ಅಪಘಾತ ಎಂದರೆ ದೇವರ ಇಚ್ಛೆ, ಗ್ರಹಚಾರ ಅಂತ ನಾವು ಬಿಟ್ಟುಬಿಡುವ ವಿಷಯವನ್ನು ಅವರು ಮನುಷ್ಯರ ಕೆಲಸ ಅಂತ ತೋರಿಸಿದರು. ಯಾರೋ ಒಬ್ಬರು ಮಾಡಿದ್ದು, ಆದ್ದರಿಂದ ಯಾರೋ ಒಬ್ಬರು ತಡೆಯಬಹುದಾಗಿದ್ದದ್ದು.

ಆಗುಂಬೆಯಲ್ಲಿ ಮಕ್ಕಳ ಜೊತೆ

ಅವರ ಬದುಕಿನ ಇನ್ನೊಂದು ತುಂಡು ನಮ್ಮ ಜಿಲ್ಲೆಗೆ ತೀರಾ ಹತ್ತಿರ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ 14 ತಿರುವಿನ ಘಾಟಿ ಹತ್ತಿದರೆ ಆಗುಂಬೆ. ಉಡುಪಿಯಿಂದ ಸುಮಾರು 55 ಕಿ.ಮೀ. ಅಲ್ಲಿಯೇ 'ಮಾಲ್ಗುಡಿ ಡೇಸ್' ತೆಗೆದದ್ದು. ಆರ್.ಕೆ. ನಾರಾಯಣ್ ಅವರ ಕತೆಗಳು, ನಿರ್ಮಾಣ ಟಿ.ಎಸ್. ನರಸಿಂಹನ್, ದೂರದರ್ಶನದಲ್ಲಿ 1986ರಿಂದ ಪ್ರಸಾರ. ಶಂಕರ್ ನಿರ್ದೇಶಿಸಿದ್ದು 39 ಕಂತು. ಆಗುಂಬೆಯ ದೊಡ್ಡಮನೆ ಅಂದಿನಿಂದ ಇಡೀ ದೇಶಕ್ಕೆ ಪರಿಚಯದ ಮನೆಯಾಯಿತು.

ಸ್ವಾಮಿಯಾಗಿ ಮಾಡಿದ ಮಾಸ್ಟರ್ ಮಂಜುನಾಥ್ ಆಗ ಪುಟ್ಟ ಹುಡುಗ. ಮಕ್ಕಳ ಹತ್ತಿರ ಕೆಲಸ ತೆಗೆಯುವುದು ಸುಲಭ ಅಲ್ಲ, ಮನೆಯಲ್ಲಿ ಮಕ್ಕಳಿರುವ ಯಾರಿಗೂ ಅದು ಗೊತ್ತುಂಟು. ಆ ಧಾರಾವಾಹಿಯಲ್ಲಿ ಮಕ್ಕಳು ಮಕ್ಕಳ ಹಾಗೇ ಇದ್ದಾರೆ. ಶಾಲೆ ಬಿಟ್ಟರೆ ಓಡುತ್ತಾರೆ, ರಸ್ತೆ ನೋಡುವುದಿಲ್ಲ, ಗೆಳೆಯ ಕರೆದರೆ ತಿರುಗಿ ಬಿಡುತ್ತಾರೆ. ಆಗುಂಬೆಯ ಆ ರಸ್ತೆಯಲ್ಲಿ ಆಗ ಗಾಡಿ ಕಡಿಮೆ. ಸ್ವಾಮಿ ರಸ್ತೆ ಮಧ್ಯೆ ಓಡಿದರೂ ನಮಗೆ ಹೆದರಿಕೆ ಆಗುವುದಿಲ್ಲ.

ನಮ್ಮ ಮಕ್ಕಳ ಗುಣ ಏನೂ ಬದಲಾಗಿಲ್ಲ. ಬದಲಾದದ್ದು ರಸ್ತೆ. ಎರ್ಮಾಳಲ್ಲಿ ಹೆದ್ದಾರಿ ಊರನ್ನು ಎರಡು ತುಂಡು ಮಾಡಿದೆ. ಪಡು ಬದಿ ಸಮುದ್ರ ಮತ್ತು ಮನೆಗಳು, ಮೂಡು ಬದಿ ಇನ್ನಷ್ಟು ಮನೆಗಳು, ನಡುವೆ ನಾಲ್ಕು ಲೇನ್. ಆ ನಾಲ್ಕು ಲೇನನ್ನು ದಾಟದೆ ಎಷ್ಟೋ ಮಕ್ಕಳಿಗೆ ಬಸ್ಸೂ ಸಿಗುವುದಿಲ್ಲ.

ಶಂಕರ್ ಅವರಿಗೆ ಜನ ಓಡಾಡುವ ವ್ಯವಸ್ಥೆಯ ಬಗ್ಗೆಯೂ ತಲೆ ಓಡುತ್ತಿತ್ತು. ಬೆಂಗಳೂರಿಗೆ ಮೆಟ್ರೋ ರೈಲು ಬರಬೇಕೆಂದು 80ರ ದಶಕದಲ್ಲೇ ಅವರು ಹೇಳುತ್ತಿದ್ದರೆಂದು ಒಡನಾಡಿಗಳು ಈಗಲೂ ನೆನೆಯುತ್ತಾರೆ. ಅಲ್ಲಿ ಮೊದಲ ಮೆಟ್ರೋ ಓಡಿದ್ದು 2011ರಲ್ಲಿ, ಅವರು ಹೋಗಿ 21 ವರ್ಷದ ಮೇಲೆ.

ಆನಗೋಡಿನ ಬೆಳಗಿನ ಜಾವ

1990ರ ಸೆಪ್ಟೆಂಬರ್ ಕೊನೆ. 'ಜೋಕುಮಾರಸ್ವಾಮಿ' ಸಿನಿಮಾದ ಕೆಲಸಕ್ಕೆ ಉತ್ತರ ಕರ್ನಾಟಕದ ಲೋಕಾಪುರಕ್ಕೆ ಹೋಗಬೇಕಿತ್ತು. ಬೆಂಗಳೂರಿನಿಂದ ಕಾರಿನಲ್ಲಿ ಹೊರಟರು. ಜೊತೆಗೆ ಪತ್ನಿ ಅರುಂಧತಿ, ಪುಟ್ಟ ಮಗಳು. ರಾತ್ರಿ ಪ್ರಯಾಣ.

30ರ ಬೆಳಗಿನ ಜಾವ, ಭಾನುವಾರ, ದಾವಣಗೆರೆಗೆ ಸ್ವಲ್ಪ ಮೊದಲು ಆನಗೋಡು ಎಂಬ ಹಳ್ಳಿ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಕಾರು ಮತ್ತು ಲಾರಿ ನಡುವೆ ಡಿಕ್ಕಿ. ಶಂಕರ್‌ನಾಗ್ ಉಳಿಯಲಿಲ್ಲ. ಅರುಂಧತಿ ಮತ್ತು ಮಗಳು ಗಾಯಗಳೊಂದಿಗೆ ಬದುಕಿ ಉಳಿದರು.

ಯಾರ ತಪ್ಪು ಎಂದು 35 ವರ್ಷದ ಮೇಲೆ ಕೂತು ಹೇಳುವುದು ನನ್ನ ಕೆಲಸ ಅಲ್ಲ. ಆದರೆ ಆ ಕಾಲದ ರಸ್ತೆ ಹೇಗಿತ್ತು ಅಂತ ನೋಡಬಹುದು. ಬೆಂಗಳೂರು–ಪುಣೆ ಹೆದ್ದಾರಿ ಆಗ ರಾಷ್ಟ್ರೀಯ ಹೆದ್ದಾರಿ 4. ಹೋಗುವವರಿಗೂ ಬರುವವರಿಗೂ ಒಂದೇ ರಸ್ತೆ, ನಡುವೆ ಡಿವೈಡರ್ ಇಲ್ಲ. ನಾಲ್ಕು ಲೇನ್ ಆದದ್ದು 2000ದ ನಂತರ. ಕಾರಿನಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಇರಲಿಲ್ಲ, ಏರ್‌ಬ್ಯಾಗ್ ಎಂಬ ಮಾತೇ ಇಲ್ಲ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದೇ 2008ರಲ್ಲಿ. ಮೊಬೈಲ್ ಇಲ್ಲ. ರಾತ್ರಿ ಹೆದ್ದಾರಿಯಲ್ಲಿ ಏನಾದರೂ ಆದರೆ ದಾರಿಹೋಕರು ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೆಳಗಿನ ಜಾವದ ಹೊತ್ತು ಕೂಡ ಹಾಗೆಯೇ. ರಾತ್ರಿ ಎರಡರಿಂದ ಬೆಳಗ್ಗೆ ಆರರ ತನಕ ದೇಹ ನಿದ್ದೆ ಕೇಳುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಓಡಿಸುವವರ ಕಣ್ಣು ಬರೀ ಮೂರು ಸೆಕೆಂಡ್ ಮುಚ್ಚಿದರೆ 66 ಮೀಟರ್ ಗಾಡಿ ತನ್ನಷ್ಟಕ್ಕೆ ಹೋಗಿರುತ್ತದೆ. ನಮ್ಮಲ್ಲೂ ಧರ್ಮಸ್ಥಳ, ಕೊಲ್ಲೂರು, ತಿರುಪತಿ ಅಂತ ರಾತ್ರಿ ಊಟ ಮಾಡಿ ಮಕ್ಕಳನ್ನು ಹಿಂದೆ ಮಲಗಿಸಿ ಹೊರಡುವವರು ಎಷ್ಟು ಮಂದಿ ಇಲ್ಲ. ಬೇಗ ತಲುಪಬಹುದು, ಟ್ರಾಫಿಕ್ ಇಲ್ಲ ಅಂತ ಲೆಕ್ಕ. ಆ ಲೆಕ್ಕದಲ್ಲಿ ನಿದ್ದೆಯನ್ನು ಯಾರೂ ಸೇರಿಸುವುದಿಲ್ಲ.

ಉಳಿದವರು

ಸತ್ತವರ ಕತೆ ಅಲ್ಲಿಗೆ ಮುಗಿಯುತ್ತದೆ. ಉಳಿದವರದ್ದು ಅಲ್ಲಿಂದ ಶುರುವಾಗುತ್ತದೆ. ಅರುಂಧತಿ ನಾಗ್ ಗಂಡನನ್ನು ಕಳೆದುಕೊಂಡು, ಗಾಯದಿಂದ ಎದ್ದು, ಮಗಳನ್ನು ಬೆಳೆಸಿ, ಮತ್ತೆ ನಾಟಕಕ್ಕೆ ಬಂದರು. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ 'ರಂಗಶಂಕರ' ಎಂಬ ರಂಗಮಂದಿರ ತೆರೆಯಿತು. ಶಂಕರ್ ಹೆಸರಿನ ಆ ಕಟ್ಟಡದ ಹಿಂದೆ ಅವರ ವರ್ಷಗಟ್ಟಲೆಯ ಓಡಾಟ ಉಂಟು. 2010ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ನಾಟಕ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಎಷ್ಟು ದೊಡ್ಡವರಾದರೂ ಇಲ್ಲ. ಶಿಸ್ತು ಅಂದರೆ ಏನು ಅಂತ ಅಲ್ಲಿಗೆ ಹೋದವರು ಹೇಳುತ್ತಾರೆ.

ಸಿನಿಮಾ ನಟರ ಮನೆಯಾದ್ದರಿಂದ ಈ ಕತೆ ನಮಗೆ ಗೊತ್ತಾಯಿತು. ನಮ್ಮ ತಾಲೂಕಲ್ಲಿ ರಸ್ತೆಯಲ್ಲಿ ದುಡಿಯುವ ಕೈಯನ್ನು ಕಳೆದುಕೊಂಡ ಮನೆಗಳು ಒಂದೆರಡಲ್ಲ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ನಾನೂ ಬರೆದಿಲ್ಲ, ನಾಲ್ಕು ಸಾಲು ಬಿಟ್ಟರೆ.

ಇದೇ ರಸ್ತೆಯ ತ್ರಾಸಿ

ಮೇಲೆ ಹೇಳಿದ ಊರುಗಳ ಪಟ್ಟಿಯಲ್ಲಿ ತ್ರಾಸಿ ಇತ್ತು, ಗಮನಿಸಿದ್ದೀರಾ? ಎರ್ಮಾಳಿನಿಂದ ಶಂಕರ್‌ನಾಗ್ ಹುಟ್ಟಿದ ಊರಿಗೆ ಹೋಗುವ ದಾರಿಯಲ್ಲಿ ಕುಂದಾಪುರ ದಾಟಿದ ಮೇಲೆ ಸಿಗುತ್ತದೆ. 2016ರ ಜೂನ್ 21, ಶಾಲೆಗೆ ಹೋಗುವ ಬೆಳಗಿನ ಹೊತ್ತು. ತ್ರಾಸಿ ಹತ್ತಿರದ ಮೊವಾಡಿಯಲ್ಲಿ ಮಕ್ಕಳನ್ನು ಕರೆದೊಯ್ಯುತ್ತಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಓಮ್ನಿಯಲ್ಲಿ ಸೀಟಿಗಿಂತ ಹೆಚ್ಚು ಮಕ್ಕಳಿದ್ದರು. ಆ ದಿನ ಜಿಲ್ಲೆಯಲ್ಲಿ ಒಲೆ ಹಚ್ಚದ ಮನೆಗಳಿದ್ದವು. ನಾನು ಆಗ ಶಾಲೆಯಲ್ಲಿದ್ದೆ. ಕೆಲವು ವಾರ ಎಲ್ಲ ಕಡೆ ತಪಾಸಣೆ, ಮೀಟಿಂಗು, ರಿಕ್ಷಾದಲ್ಲಿ ಕಡಿಮೆ ಮಕ್ಕಳು. ಆಮೇಲೆ ಮೆಲ್ಲ ಮೆಲ್ಲ ಎಲ್ಲ ಮೊದಲಿನ ಹಾಗೆ.

ದೇಶದ ಮಟ್ಟದಲ್ಲೂ ಹಾಗೆಯೇ ಕಲಿತದ್ದು. 1997ರ ನವೆಂಬರಲ್ಲಿ ದಿಲ್ಲಿಯ ವಜೀರಾಬಾದಿನಲ್ಲಿ ಶಾಲಾ ಬಸ್ಸು ಸೇತುವೆಯಿಂದ ಯಮುನಾ ನದಿಗೆ ಬಿದ್ದು 28 ಮಕ್ಕಳು ಸತ್ತರು. ಅದಾದ ಮೇಲೆ ಸುಪ್ರೀಂ ಕೋರ್ಟ್ ಶಾಲಾ ಬಸ್ಸಿಗೆ ನಿಯಮ ಹಾಕಿತು. ವೇಗ 40 ಕಿ.ಮೀ. ಮೀರದ ಹಾಗೆ ಸ್ಪೀಡ್ ಗವರ್ನರ್, ಭಾರೀ ವಾಹನ ಓಡಿಸಿ ಐದು ವರ್ಷ ಅನುಭವ ಇರುವ ಡ್ರೈವರ್, ಮಕ್ಕಳನ್ನು ನೋಡಿಕೊಳ್ಳಲು ಜೊತೆಗೊಬ್ಬರು, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಭದ್ರವಾದ ಬಾಗಿಲು, ಬಸ್ಸಿನ ಮೇಲೆ ಶಾಲೆಯ ಹೆಸರು ಮತ್ತು ಫೋನ್ ನಂಬರ್. ಇವತ್ತು ನಾವು ನೋಡುವ ಹಳದಿ ಬಸ್ಸಿನ ಒಂದೊಂದು ಸರಳಿನ ಹಿಂದೆ ಆ ಮಕ್ಕಳಿದ್ದಾರೆ.

ಆದರೆ ದೊಡ್ಡ ಬಸ್ಸಿನ ಫೀಸು ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಓಮ್ನಿ, ಟೆಂಪೋ, ರಿಕ್ಷಾ. ಇದರಲ್ಲಿ ರಿಕ್ಷಾದವರನ್ನು ಮಾತ್ರ ಬೈದರೆ ಪ್ರಯೋಜನ ಇಲ್ಲ. ಅವರನ್ನು ಕೇಳಿದರೆ ಹೇಳುತ್ತಾರೆ, ಮೂರೇ ಮಕ್ಕಳನ್ನು ಕರೆದುಕೊಂಡು ಹೋದರೆ ಗ್ಯಾಸು, ಇನ್ಶೂರೆನ್ಸು, ಸಾಲದ ಕಂತು ಯಾವುದೂ ಗೀಟುವುದಿಲ್ಲ ಅಂತ. ತಂದೆತಾಯಿಯನ್ನು ಕೇಳಿದರೆ ಅವರಿಗೂ ಇನ್ನೂರು ರೂಪಾಯಿ ಜಾಸ್ತಿ ಅಂದರೆ ಕಷ್ಟ. ಎರಡೂ ನಿಜ. ಆ ಇನ್ನೂರು ರೂಪಾಯಿಯ ಎಡೆಯಲ್ಲಿ ನಮ್ಮ ಮಕ್ಕಳು ಅರ್ಧ ಕೂತು ಅರ್ಧ ನಿಂತು ಹೋಗುತ್ತಿದ್ದಾರೆ.

ನಾಳೆ ಮಾಲೆ ಹಾಕುವಾಗ

ಶಂಕರ್‌ನಾಗ್ ಅವರ ಹೆಸರಲ್ಲಿ ಎರ್ಮಾಳಿನವರು, ಕಾಪು ತಾಲೂಕಿನವರು ಮಾಡಬಹುದಾದ ನಾಲ್ಕೈದು ಕೆಲಸ ಉಂಟು. ಇದಕ್ಕೆ ಸರ್ಕಾರದ ಆರ್ಡರ್ ಬರಬೇಕಾಗಿಲ್ಲ.

ರಿಕ್ಷಾದವರಿಗೆ: ಪರ್ಮಿಟ್ ಇರುವುದು ಮೂವರು ಪ್ರಯಾಣಿಕರಿಗೆ. ಡ್ರೈವರ್ ಸೀಟಿನ ಎರಡೂ ಬದಿ ಮಕ್ಕಳನ್ನು ಕೂರಿಸುವುದನ್ನು ಮೊದಲು ಬಿಡಿ. ಹ್ಯಾಂಡಲ್ ತಿರುಗಿಸಲು ಕೈಗೆ ಜಾಗ ಇಲ್ಲದಿದ್ದರೆ ಎಷ್ಟು ಒಳ್ಳೆ ಡ್ರೈವರ್ ಆದರೂ ಏನು ಮಾಡಲು ಆಗುತ್ತದೆ? ಬಲಬದಿಗೆ ಒಂದು ಸರಳು ಹಾಕಿಸಿ, ಮಗು ಆ ಕಡೆ ಇಳಿಯಬಾರದು. ಯು ಟರ್ನ್ ದೂರ ಅಂತ ಮಕ್ಕಳನ್ನು ಕೂರಿಸಿಕೊಂಡು ರಾಂಗ್ ಸೈಡಲ್ಲಿ ಬರಬೇಡಿ. ಒಂದು ಕಿ.ಮೀ.ಗೆ ಖರ್ಚಾಗುವ ಗ್ಯಾಸ್ ಎಷ್ಟು ಅಂತ ನಿಮಗೇ ಗೊತ್ತು.

ಅಂಗಡಿಯವರಿಗೆ: ಲೋಡ್ ಇಳಿಸುವ ಟೆಂಪೋ ಹೆದ್ದಾರಿ ಅಂಚಿನಲ್ಲಿ ನಿಂತರೆ, ಅದರ ಹಿಂದಿನಿಂದ ರಸ್ತೆ ದಾಟುವ ಮಗು ಬಸ್ಸಿನವರಿಗೆ ಕಾಣುವುದಿಲ್ಲ. ಶಾಲೆ ಹೊತ್ತಲ್ಲಿ, ಅಂದರೆ ಬೆಳಗ್ಗೆ ಎಂಟರಿಂದ ಒಂಬತ್ತೂವರೆ, ಸಂಜೆ ಮೂರೂವರೆಯಿಂದ ಐದು, ಲೋಡು ಬೇಡ ಅಂತ ಸಪ್ಲೈಯವರಿಗೆ ಒಂದು ಮಾತು ಹೇಳಿ. ರಸ್ತೆಗೆ ಚಾಚಿದ ಬೋರ್ಡನ್ನು ಒಂದು ಅಡಿ ಹಿಂದೆ ಇಡಿ. ರಾತ್ರಿ ಗಾಡಿ ಹೊರಗೆ ನಿಲ್ಲಿಸಿದರೆ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇರಲಿ, ಮಾಸಿದ್ದರೆ ಬದಲಾಯಿಸಿ.

ತಂದೆತಾಯಿಗೆ: ಬೈಕಿನಲ್ಲಿ ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಸಣ್ಣ ಮಕ್ಕಳಿಗೆ ಬೆಲ್ಟು ಮತ್ತು ಹೆಲ್ಮೆಟ್, ವೇಗ 40 ಮೀರಬಾರದು ಅಂತ 2023ರಿಂದ ನಿಯಮ ಉಂಟು. ಕಾರಿನಲ್ಲಿ 14ರ ಒಳಗಿನ ಮಗುವಿಗೆ ಬೆಲ್ಟ್ ಇಲ್ಲದಿದ್ದರೆ 1,000 ರೂ. ದಂಡ. ಹದಿನೆಂಟು ತುಂಬದ ಮಗನ ಕೈಗೆ ಸ್ಕೂಟರ್ ಕೀ ಕೊಟ್ಟು ಏನಾದರೂ ಆದರೆ ಅಪ್ಪನಿಗೆ 25,000 ರೂ. ದಂಡ, ಮೂರು ವರ್ಷದ ತನಕ ಜೈಲು ಕೂಡ ಆಗಬಹುದು. ದಂಡದ ಹೆದರಿಕೆಗಾದರೂ ಸರಿ, ಮಾಡಿ. ಮಗುವನ್ನು ಕಳಿಸುವ ಗಾಡಿಯಲ್ಲಿ ಒಂದು ದಿನ ನೀವೇ ಕೂತು ಹೋಗಿ ನೋಡಿ, ಬೇರೆ ತಪಾಸಣೆ ಬೇಡ.

ಎಲ್ಲರಿಗೂ: ಅಪಘಾತ ಕಂಡರೆ 108ಕ್ಕೆ ಫೋನ್ ಮಾಡಿ, ನಿಲ್ಲಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಉಂಟು. ಪೊಲೀಸರು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ, ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಕೋರ್ಟು ಕಚೇರಿ ಅಂತ ಹೆದರಿ ಮುಂದೆ ಹೋಗಬೇಡಿ. 35 ವರ್ಷದ ಹಿಂದೆ ಆ ಹೆದ್ದಾರಿಯಲ್ಲಿ ಇಲ್ಲದಿದ್ದ ಅನುಕೂಲ ಇವತ್ತು ನಮ್ಮ ಕಿಸೆಯಲ್ಲಿ ಉಂಟು.

ಶಂಕರ್‌ನಾಗ್ ಇದ್ದಿದ್ದರೆ ಬರುವ ನವೆಂಬರಿಗೆ 71 ತುಂಬುತ್ತಿತ್ತು. ಅಣ್ಣ ಅನಂತ್‌ನಾಗ್ ಅವರ ಹಾಗೆ ಅವರ ಗಡ್ಡವೂ ಬಿಳಿಯಾಗಿರುತ್ತಿತ್ತು, ರಿಕ್ಷಾದ ಹಿಂದೆ ಮುದುಕರ ಫೋಟೋ ಹಾಕಬೇಕಾಗುತ್ತಿತ್ತು. ಆ ಸ್ಟಿಕ್ಕರಿನಲ್ಲಿ ಅವರಿಗೆ ವಯಸ್ಸಾಗಲೇ ಇಲ್ಲ, ಕಾರಣ ಒಂದು ರಸ್ತೆ.

ಬೆಳಗ್ಗೆ ಸ್ಟಿಕ್ಕರ್ ಒರೆಸುತ್ತಿದ್ದ ರಿಕ್ಷಾದಣ್ಣನಿಗೆ ಇವತ್ತು ಅವರು ತೀರಿಹೋದ ದಿನ ಅಂತ ಹೇಳಿದೆ. ಅವರಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಕೈ ತೋರಿಸಿ, ರಜೆ ಮುಗಿಯುವುದರೊಳಗೆ ಬಲಬದಿಗೆ ಸರಳು ಹಾಕಿಸಬೇಕು, ವೆಲ್ಡಿಂಗಿನವರನ್ನು ಕೇಳಿ ಇಟ್ಟಿದ್ದೇನೆ ಅಂದರು. ಶಾಲೆ ಶುರುವಾದ ದಿನ ಹೋಗಿ ನೋಡಿ ಬರುತ್ತೇನೆ.